ತಿದ್ದುವ ಕಣ್ಣುಗಳು: ಚಿತ್ರಕಥೆಗಾರ ಎರ್ಜೆಯ ಬದುಕು ಮತ್ತು ಸಹಕಲಾವಿದರ ವಿಮರ್ಶೆ

೧

ಕೃತಿಯೊಂದನ್ನು ಒಬ್ಬನೇ ಕರ್ತೃವಿನ ಪ್ರತಿಭೆಯ ಫಲವೆಂದು ಗ್ರಹಿಸುವುದು ಆಧುನಿಕ ವಿಮರ್ಶೆಯಲ್ಲಿ ಬಹುಕಾಲ ರೂಢಿಯಲ್ಲಿದ್ದ ಕ್ರಮ. ಕನ್ನಡದ ಉಪಲಬ್ಧ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಇದಕ್ಕಿಂತ ಭಿನ್ನವಾದ ನಿಲುವೊಂದನ್ನು ಮಂಡಿಸಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಹಾಗೆಯೇ ಕವಿಯೂ ತನ್ನ ದೋಷವನ್ನು ತಾನು ಕಾಣಲಾರ, ಆದುದರಿಂದ ಕಾವ್ಯವನ್ನು ಬೇರೆಯವರಿಂದ ತಿದ್ದಿಸಿಕೊಳ್ಳಬೇಕು ಎಂಬುದು ಅಲ್ಲಿನ ಆಶಯ. ಕಾವ್ಯವನ್ನು ಕುರಿತ ಈ ವಿವೇಕವು ಇತರ ಕಲೆಗಳಿಗೂ ಅನ್ವಯಿಸುತ್ತದೆ. ‘ಕಾಮಿಕ್ಸ್’ ಎಂದು ನಾವು ಕರೆಯುವ ಚಿತ್ರಕಥೆಗೆ ಅದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಚಿತ್ರಕಥೆಯ ಒಂದು ಪುಟದಲ್ಲಿ ರೇಖೆ, ಚೌಕಟ್ಟು, ಮಾತು, ಬಣ್ಣ ಇವೆಲ್ಲವೂ ಏಕಕಾಲದಲ್ಲಿ ಕೆಲಸ ಮಾಡುತ್ತವೆ. ಓದುಗನ ದೃಷ್ಟಿಯು ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ತೊಡಕಿಲ್ಲದೆ ಸಾಗುವುದೇ ಎಂಬುದನ್ನು ಬರೆದವನೇ ನಿರ್ಣಯಿಸುವುದು ಕಷ್ಟ. ಏಕೆಂದರೆ ಕಥೆ ಅವನಿಗೆ ಮೊದಲೇ ತಿಳಿದಿರುತ್ತದೆ.

ಈ ಹಿನ್ನೆಲೆಯಲ್ಲಿ ಟಿನ್‌ಟಿನ್ ಸಾಹಸಕಥೆಗಳ ಕರ್ತೃವೆಂದು ಜಗತ್ತಿಗೆ ಪರಿಚಿತನಾದ ಬೆಲ್ಜಿಯಂ ದೇಶದ ಎರ್ಜೆಯ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆತ ತನ್ನ ಪುಟಗಳನ್ನು ಯಾರಿಗೆ ತೋರಿಸಿದ, ಯಾರ ಮಾತಿಗೆ ಕಿವಿಗೊಟ್ಟ, ತಿದ್ದಿದವರಿಗೆ ಯಾವ ಸ್ಥಾನ ನೀಡಿದ ಎಂಬ ಪ್ರಶ್ನೆಗಳ ಮೂಲಕ ಆ ಬದುಕನ್ನು ಇಲ್ಲಿ ನಿರೂಪಿಸಲಾಗಿದೆ.

೨

ಎರ್ಜೆಯ ನಿಜನಾಮ ಜಾರ್ಜ್ ರೆಮಿ. ೧೯೦೭ರ ಮೇ ೨೨ರಂದು ಬ್ರಸೆಲ್ಸ್‌ಗೆ ಹೊಂದಿಕೊಂಡ ಎಟರ್ಬೀಕ್‌ನ ಮಧ್ಯಮವರ್ಗದ ಕುಟುಂಬವೊಂದರಲ್ಲಿ ಜನಿಸಿದ. ಬಾಲ್ಯದಿಂದಲೂ ಪಠ್ಯಪುಸ್ತಕಗಳ ಅಂಚಿನಲ್ಲಿ ಚಿತ್ರ ಬಿಡಿಸುವುದು ಆತನ ಅಭ್ಯಾಸವಾಗಿತ್ತು. ಸ್ಕೌಟ್ ಚಳವಳಿಯು ಆತನ ವ್ಯಕ್ತಿತ್ವವನ್ನು ರೂಪಿಸಿತು. ಸ್ಕೌಟ್ ಪತ್ರಿಕೆಯು ಆತನ ಮೊದಲ ಚಿತ್ರಗಳಿಗೆ ಆಶ್ರಯ ನೀಡಿತು. ತನ್ನ ಹೆಸರಿನ ಆದ್ಯಕ್ಷರಗಳನ್ನು ಹಿಂದುಮುಂದಾಗಿಸಿ, ಫ್ರೆಂಚ್ ಉಚ್ಚಾರಣೆಗೆ ಅನುಗುಣವಾಗಿ ‘ಎರ್ಜೆ’ ಎಂಬ ಅಂಕಿತವನ್ನು ಆತ ೧೯೨೪ರಿಂದ ಬಳಸತೊಡಗಿದ. ಸಾಂಪ್ರದಾಯಿಕ ಕಲಾಶಿಕ್ಷಣ ಆತನಿಗೆ ದೊರೆಯಲಿಲ್ಲ. ಸೇಂಟ್ ಲ್ಯೂಕ್ ಕಲಾಶಾಲೆಗೆ ಸೇರಿದರೂ ಗಾರೆಯ ಕಂಬದ ಬೋದಿಗೆಯನ್ನು ನೋಡಿ ಬರೆಯುವ ಪಾಠ ಬೇಸರ ತರಿಸಿದುದರಿಂದ ಆತ ಮತ್ತೆ ಅತ್ತ ಹೋಗಲಿಲ್ಲ. ಗುರುವಿನ ಎದುರು ಕುಳಿತು ತಪ್ಪು ತಿದ್ದಿಸಿಕೊಳ್ಳುವ ಶಿಸ್ತು ಹೀಗೆ ಆರಂಭದಲ್ಲಿಯೇ ತಪ್ಪಿಹೋಯಿತು. ಮುಂದೆ ಆತ ಸಹಕಲಾವಿದರಿಂದ ಕಲಿತದ್ದರ ಮಹತ್ವವನ್ನು ಈ ಕೊರತೆಯ ಹಿನ್ನೆಲೆಯಲ್ಲಿ ಅರಿಯಬೇಕು.

ಸೈನಿಕ ಸೇವೆಯ ನಂತರ ಎರ್ಜೆ ‘ಲ ವ್ಯಾಂತಿಯೆಮ್ ಸಿಯೆಕ್ಲ್’ ಎಂಬ ಕ್ಯಾಥೊಲಿಕ್ ದಿನಪತ್ರಿಕೆಯಲ್ಲಿ ಚಿತ್ರಕಾರನಾಗಿ ನೆಲೆ ಕಂಡುಕೊಂಡ. ಅದರ ನಿರ್ದೇಶಕನಾದ ಪಾದ್ರಿ ನಾರ್ಬರ್ ವಾಲೆಜ್ ಪ್ರಬಲ ಬಲಪಂಥೀಯ ನಿಲುವಿನವನು. ೧೯೨೮ರ ನವೆಂಬರಿನಲ್ಲಿ ಆರಂಭವಾದ ಮಕ್ಕಳ ಪುರವಣಿ ‘ಲ ಪೆತಿ ವ್ಯಾಂತಿಯೆಮ್’ನ ಹೊಣೆಯನ್ನು ಆತ ಎರ್ಜೆಗೆ ವಹಿಸಿದ. ೧೯೨೯ರ ಜನವರಿ ೧೦ರಂದು ಅದೇ ಪುರವಣಿಯಲ್ಲಿ ಟಿನ್‌ಟಿನ್ ಮೊದಲ ಬಾರಿಗೆ ಕಾಣಿಸಿಕೊಂಡು ಸೋವಿಯತ್ ದೇಶಕ್ಕೆ ಹೊರಟ. ೧೯೩೦-೩೧ರಲ್ಲಿ ಕಾಂಗೊ, ಅನಂತರ ಅಮೆರಿಕ, ೧೯೩೨-೩೪ರಲ್ಲಿ ಈಜಿಪ್ಟ್ ಮತ್ತು ಭಾರತ ಹೀಗೆ ಆತನ ಪಯಣ ಮುಂದುವರಿಯಿತು. ೧೯೩೨ರಲ್ಲಿ ಎರ್ಜೆ ವಾಲೆಜ್‌ನ ಕಾರ್ಯದರ್ಶಿಯಾಗಿದ್ದ ಜರ್ಮೇನ್ ಕಿಕೆನ್ಸ್‌ಳನ್ನು ಮದುವೆಯಾದ.

ಈ ಮೊದಲ ಕಥೆಗಳ ಕಾಲದಲ್ಲಿ ಎರ್ಜೆಯ ಪುಟವನ್ನು ನೋಡುತ್ತಿದ್ದವರು ಪತ್ರಿಕಾಲಯದ ಒಳಗಿನವರೇ. ವಾಲೆಜ್ ನೀಡುತ್ತಿದ್ದುದು ಕಥಾವಸ್ತುವಿನ ಆದೇಶ, ರೇಖೆಯ ವಿಮರ್ಶೆಯಲ್ಲ. ವೃತ್ತಿಬಾಂಧವನೊಬ್ಬನ ಅಭಿಪ್ರಾಯಕ್ಕಾಗಿ ಎರ್ಜೆ ೧೯೩೧ರಲ್ಲಿ ಪ್ಯಾರಿಸ್‌ಗೆ ತೆರಳಿ, ಮಾತಿನ ಗುಳ್ಳೆಗಳನ್ನು ಫ್ರೆಂಚ್ ಚಿತ್ರಕಥೆಯಲ್ಲಿ ಜನಪ್ರಿಯಗೊಳಿಸಿದ್ದ ಆಲೆನ್ ಸೇಂತ್-ಒಗಾನ್‌ನನ್ನು ಭೇಟಿಯಾದ. ಆತನಿಂದ ಪ್ರೋತ್ಸಾಹ ದೊರೆಯಿತು, ಸಹಿ ಮಾಡಿದ ಮೂಲಚಿತ್ರವೊಂದೂ ಉಡುಗೊರೆಯಾಗಿ ದೊರೆಯಿತು. ಆದರೆ ಒಮ್ಮೆಯ ಭೇಟಿಯಿಂದ ಪುಟಪುಟವನ್ನೂ ತಿದ್ದುವ ಸಂಬಂಧ ಏರ್ಪಡಲಾರದು.

ಇದರ ಪರಿಣಾಮ ಆ ಕಥೆಗಳಲ್ಲಿಯೇ ಕಾಣುತ್ತದೆ. ಕಾಂಗೊದ ಜನರನ್ನು ಎರ್ಜೆ ಬೆಲ್ಜಿಯಂನ ವಸಾಹತು ಪ್ರಚಾರ ಮತ್ತು ವಸ್ತುಸಂಗ್ರಹಾಲಯದ ಸಾಮಗ್ರಿಗಳಿಂದ ಚಿತ್ರಿಸಿದ. ಅಲ್ಲಿ ಅವರು ಬಾಲಬುದ್ಧಿಯವರಾಗಿ, ಬಿಳಿಯ ಯಜಮಾನನ ಆರಾಧಕರಾಗಿ ಕಾಣಿಸುತ್ತಾರೆ. ಭಾರತವನ್ನು ಕುರಿತ ಪುಟಗಳಲ್ಲಿ ಮಹಾರಾಜ, ಫಕೀರ, ಆನೆ, ಕಾಡು ಎಂಬ ಸಿದ್ಧ ಸಾಮಗ್ರಿಯೇ ಇದೆ. ಸ್ಥಳನಾಮ, ವ್ಯಕ್ತಿನಾಮಗಳು ಭಾರತೀಯ ಧ್ವನಿಯನ್ನು ಅಣಕಿಸುವ ಕಲ್ಪನೆಗಳು. ಭಾರತದ ಕಣ್ಣೊಂದು ನೋಡಿ ತಿದ್ದಿದ ಗುರುತು ಆ ಪುಟಗಳಲ್ಲಿಲ್ಲ. ಇದನ್ನು ಪೌರ್ವಾತ್ಯವಾದದ ಉದಾಹರಣೆಯಾಗಿ ಓದುವುದು ಸುಲಭ. ಅದರ ಜೊತೆಗೆ, ಚಿತ್ರಿತರಾದವರು ಚಿತ್ರವನ್ನು ನೋಡಿ ಆಕ್ಷೇಪಿಸುವ ಅವಕಾಶವೇ ಇಲ್ಲದ ಉತ್ಪಾದನಾ ಕ್ರಮವನ್ನೂ ಗಮನಿಸಬೇಕು.

೩

ಟಿನ್‌ಟಿನ್‌ನ ಮುಂದಿನ ಪಯಣ ಚೀನಾಕ್ಕೆ ಎಂಬ ಪ್ರಕಟಣೆ ಹೊರಬಿದ್ದಾಗ ಈ ಕ್ರಮಕ್ಕೆ ಮೊದಲ ತಡೆ ಎದುರಾಯಿತು. ಲೂವೆನ್ ವಿಶ್ವವಿದ್ಯಾಲಯದಲ್ಲಿ ಚೀನೀ ವಿದ್ಯಾರ್ಥಿಗಳ ಧಾರ್ಮಿಕ ಹೊಣೆ ಹೊತ್ತಿದ್ದ ಪಾದ್ರಿ ಗೊಸೆ ಎರ್ಜೆಗೆ ಪತ್ರ ಬರೆದು, ತನ್ನ ವಿದ್ಯಾರ್ಥಿಗಳೂ ಪುರವಣಿಯನ್ನು ಓದುತ್ತಾರೆಂದೂ, ಚೀನೀಯರನ್ನು ರೂಢಿಯ ವಿಕೃತ ರೂಪದಲ್ಲಿ ಚಿತ್ರಿಸಿದರೆ ಅವರಿಗೆ ನೋವಾಗುವುದೆಂದೂ ಎಚ್ಚರಿಸಿದ. ಆತನ ಮೂಲಕವೇ ಎರ್ಜೆಗೆ ಜಾಂಗ್ ಚೊಂಗ್ರೆನ್‌ನ ಪರಿಚಯವಾಯಿತು. ೧೯೩೪ರ ಮೇ ೧ರಂದು ಅವರ ಮೊದಲ ಭೇಟಿ ನಡೆಯಿತು.

ಜಾಂಗ್ ಸಹ ೧೯೦೭ರಲ್ಲಿಯೇ ಜನಿಸಿದವನು. ಶಾಂಘೈನ ಕ್ಯಾಥೊಲಿಕ್ ಕುಟುಂಬದವನಾಗಿ ಅಲ್ಲಿನ ತುಶಾನ್‌ವಾನ್ ಕಾರ್ಯಾಗಾರದಲ್ಲಿ ತರಬೇತಿ ಪಡೆದು, ಬ್ರಸೆಲ್ಸ್‌ನ ರಾಯಲ್ ಅಕಾಡೆಮಿಯಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸುತ್ತಿದ್ದ. ಆತ ಚಿತ್ರಕಥೆಗಾರನಲ್ಲದಿದ್ದರೂ ಎರ್ಜೆಗಿಂತ ಹೆಚ್ಚು ಶಾಸ್ತ್ರೀಯ ಶಿಕ್ಷಣ ಪಡೆದ ಸಹಕಲಾವಿದ. ಭಾನುವಾರಗಳಂದು ಅವರಿಬ್ಬರೂ ಸೇರುತ್ತಿದ್ದರು. ಚೀನಾದ ಇತಿಹಾಸ, ಚಿತ್ರಕಲೆ, ಕಾವ್ಯ, ದಿನಬಳಕೆಯ ವಸ್ತುಗಳು ಅವರ ಮಾತಿನ ವಿಷಯವಾಗಿದ್ದವು. ಜಾಂಗ್ ಕುಂಚಗಳನ್ನು ನೀಡಿ ಅವುಗಳ ಬಳಕೆಯನ್ನು ತೋರಿಸಿದ. ಮರವನ್ನಾಗಲಿ ಕಲ್ಲನ್ನಾಗಲಿ ನೆನಪಿನ ಅಚ್ಚಿನಿಂದ ಬರೆಯದೆ ಪ್ರತ್ಯಕ್ಷ ನೋಡಿ ಬರೆಯುವ ಅಗತ್ಯವನ್ನು ಮನಗಾಣಿಸಿದ.

‘ನೀಲಿ ಕಮಲ’ ಕಥೆಯು ೧೯೩೪ರ ಆಗಸ್ಟಿನಿಂದ ೧೯೩೫ರ ಅಕ್ಟೋಬರಿನವರೆಗೆ ಧಾರಾವಾಹಿಯಾಗಿ ಬಂದು, ೧೯೩೬ರಲ್ಲಿ ಪುಸ್ತಕವಾಯಿತು. ಅದರ ಬೀದಿಗಳ ಫಲಕಗಳಲ್ಲಿ, ಗೋಡೆಬರಹಗಳಲ್ಲಿ ಇರುವ ಚೀನೀ ಲಿಪಿ ಜಾಂಗ್‌ನ ಕೈಬರಹ. ಅಸಮಾನ ಒಪ್ಪಂದಗಳನ್ನು ವಿರೋಧಿಸುವ, ಜಪಾನಿನ ಸರಕನ್ನು ಬಹಿಷ್ಕರಿಸುವ ಘೋಷಣೆಗಳು ಅಲ್ಲಿವೆ. ಚೀನೀ ಭಾಷೆ ಬಾರದ ಯುರೋಪಿನ ಓದುಗನಿಗೆ ಅವು ಅಲಂಕಾರ. ಬಲ್ಲವನಿಗೆ ರಾಜಕೀಯ ಪಠ್ಯ. ೧೯೩೧ರ ಸೆಪ್ಟೆಂಬರ್ ೧೮ರಂದು ಮುಕ್ಡೆನ್‌ನಲ್ಲಿ ಜಪಾನೀ ಸೈನಿಕರೇ ರೈಲುಹಳಿ ಸ್ಫೋಟಿಸಿ, ಅದನ್ನು ಚೀನೀಯರ ತಲೆಗೆ ಕಟ್ಟಿ ಮಂಚೂರಿಯವನ್ನು ಆಕ್ರಮಿಸಿದ ಘಟನೆಯು ಕಥೆಯೊಳಗೆ ಬಂದಿತು. ಜಪಾನಿನ ರಾಜತಾಂತ್ರಿಕರು ಬೆಲ್ಜಿಯಂ ಸರ್ಕಾರಕ್ಕೆ ದೂರು ನೀಡುವಷ್ಟು ಅದು ಪರಿಣಾಮಕಾರಿಯಾಗಿತ್ತು.

ಪ್ರವಾಹದಿಂದ ಟಿನ್‌ಟಿನ್ ಕಾಪಾಡುವ ಚಾಂಗ್ ಎಂಬ ಬಾಲಕನ ಪಾತ್ರಕ್ಕೆ ಜಾಂಗ್‌ನ ಹೆಸರೇ ಬಂದಿದೆ. ಆ ಇಬ್ಬರು ಬಾಲಕರು ಪರಸ್ಪರರ ಜನಾಂಗಗಳ ಬಗ್ಗೆ ಕೇಳಿಬಂದ ತಪ್ಪುಕಲ್ಪನೆಗಳನ್ನು ಹೇಳಿಕೊಂಡು ನಗುವ ಸನ್ನಿವೇಶವು ವಾಸ್ತವವಾಗಿ ಎರ್ಜೆಯ ಹಿಂದಿನ ಕಥೆಗಳ ಮೇಲಿನ ವಿಮರ್ಶೆಯೂ ಆಗಿದೆ. ಅವಳಿಗಳಂತಿರುವ ಪತ್ತೇದಾರರು ಹಳೆಯ ಕಾಲದ ಚೀನೀ ವೇಷ ಧರಿಸಿ ಬೀದಿಗೆ ಬಂದು ಜನರ ನಗೆಗೆ ಗುರಿಯಾಗುವ ದೃಶ್ಯದಲ್ಲಿ ಲೇಖಕನು ತಾನು ಬಿಟ್ಟುಬಂದ ದೃಷ್ಟಿಯನ್ನು ತಾನೇ ಹಾಸ್ಯಕ್ಕೊಳಪಡಿಸಿದ್ದಾನೆ. ಸಹಕಲಾವಿದನ ಅಭಿಪ್ರಾಯವು ರೇಖೆಯನ್ನು ತಿದ್ದುವುದರ ಜೊತೆಗೆ ಕಥನದ ಒಳಗೇ ಪಾತ್ರವಾಗಿ ಪ್ರವೇಶಿಸಿದ ಅಪೂರ್ವ ನಿದರ್ಶನವಿದು.

ಆದರೆ ಇದಕ್ಕೊಂದು ಮಿತಿಯೂ ಇದೆ. ಚೀನೀಯರ ಮುಖಗಳು ವೈವಿಧ್ಯ ಪಡೆದ ಅದೇ ಪುಟಗಳಲ್ಲಿ ಜಪಾನೀಯರು ಉಬ್ಬುಹಲ್ಲಿನ ವಿಕೃತ ಆಕೃತಿಗಳಾಗಿಯೇ ಉಳಿದರು. ದಾಳಿಗೊಳಗಾದ ದೇಶದ ಯುವಕನಿಂದ ಆ ತಿದ್ದುಪಡಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ತಿದ್ದುವ ಕಣ್ಣಿಗೂ ಒಂದು ನೆಲೆಯಿರುತ್ತದೆ. ಅದು ಆ ನೆಲೆಯಿಂದ ಕಾಣುವುದನ್ನು ಮಾತ್ರ ತಿದ್ದಬಲ್ಲುದು. ೧೯೩೫ರಲ್ಲಿ ಜಾಂಗ್ ಸ್ವದೇಶಕ್ಕೆ ಮರಳಿದ. ಮುಂದಿನ ಯುದ್ಧಗಳಲ್ಲಿ ಇಬ್ಬರ ಸಂಪರ್ಕವೂ ಕಡಿದುಹೋಯಿತು.

೪

೧೯೪೦ರ ಮೇ ತಿಂಗಳಲ್ಲಿ ಜರ್ಮನಿಯು ಬೆಲ್ಜಿಯಂ ಅನ್ನು ಆಕ್ರಮಿಸಿತು. ಎರ್ಜೆ ಕೆಲಸ ಮಾಡುತ್ತಿದ್ದ ಪತ್ರಿಕೆ ನಿಂತುಹೋಯಿತು. ಅದೇ ವರ್ಷದ ಅಕ್ಟೋಬರಿನಿಂದ ಆತ ಜರ್ಮನ್ನರ ನಿಯಂತ್ರಣದಲ್ಲಿದ್ದ ‘ಲ ಸುವಾರ್’ ಪತ್ರಿಕೆಯಲ್ಲಿ ಟಿನ್‌ಟಿನ್ ಕಥೆಗಳನ್ನು ಮುಂದುವರಿಸಿದ. ೧೯೪೧-೪೨ರಲ್ಲಿ ಅಲ್ಲಿ ಪ್ರಕಟವಾದ ‘ನಿಗೂಢ ನಕ್ಷತ್ರ’ದಲ್ಲಿ ಯೆಹೂದಿ ಹೆಸರು ಮತ್ತು ರೂಢಿಗತ ಮುಖಲಕ್ಷಣಗಳನ್ನು ಹೊತ್ತ ಬ್ಯಾಂಕರನೇ ಖಳನಾಯಕ. ಬೆಲ್ಜಿಯಂನ ಯೆಹೂದಿಗಳ ಮೇಲೆ ಕಿರುಕುಳ ಹೆಚ್ಚುತ್ತಿದ್ದ, ಆಕ್ಷೇಪಿಸಬಲ್ಲವರ ಬಾಯಿ ಕಟ್ಟಲಾಗಿದ್ದ ಕಾಲವದು. ನೀಲಿ ಕಮಲದ ಪಾಠವನ್ನು ಎರ್ಜೆ ತಾನಾಗಿ ಎಲ್ಲ ಜನಾಂಗಗಳಿಗೂ ವಿಸ್ತರಿಸಿಕೊಳ್ಳಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಯುದ್ಧಾನಂತರದ ಆವೃತ್ತಿಯಲ್ಲಿ ಆತ ಆ ಹೆಸರನ್ನೂ ದೇಶವನ್ನೂ ಬದಲಿಸಿದರೂ ಮುಖವನ್ನು ಹಾಗೆಯೇ ಉಳಿಸಿದ. ೧೯೪೪ರ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್ ವಿಮೋಚನೆಗೊಂಡಾಗ ಶತ್ರು ಸಹಯೋಗದ ಆರೋಪದ ಮೇಲೆ ಆತನ ಬಂಧನವಾಯಿತು. ಎರಡು ವರ್ಷಗಳ ಕಾಲ ಪತ್ರಿಕೆಗಳಲ್ಲಿ ಕೆಲಸ ಮಾಡಲಾಗಲಿಲ್ಲ. ೧೯೪೬ರ ಸೆಪ್ಟೆಂಬರ್ ೨೬ರಂದು ‘ಟಿನ್‌ಟಿನ್’ ವಾರಪತ್ರಿಕೆ ಆರಂಭವಾದಾಗ ಆತ ಮತ್ತೆ ಓದುಗರೆದುರು ಬಂದ.

ಇದೇ ಅವಧಿಯಲ್ಲಿ ಎರ್ಜೆಯ ಪುಟಕ್ಕೆ ಎರಡನೆಯ ಮುಖ್ಯ ವಿಮರ್ಶಕ ದೊರೆತ. ಕಾಗದದ ಅಭಾವದಿಂದಾಗಿ ಕ್ಯಾಸ್ಟರ್‌ಮನ್ ಪ್ರಕಾಶನವು ೧೯೪೨ರಿಂದ ಪುಸ್ತಕಗಳನ್ನು ೬೨ ಪುಟಗಳ ಬಣ್ಣದ ರೂಪಕ್ಕೆ ತರಲು ನಿರ್ಧರಿಸಿತ್ತು. ನೂರಕ್ಕೂ ಹೆಚ್ಚು ಪುಟಗಳ ಹಳೆಯ ಕಪ್ಪುಬಿಳುಪು ಕಥೆಗಳನ್ನು ಈ ಅಳತೆಗೆ ಇಳಿಸಲು ಸಹಾಯಕ ಬೇಕಾಯಿತು. ಒಪೆರಾ ಗಾಯಕನೂ ಚಿತ್ರಕಾರನೂ ಆಗಿದ್ದ ಎಡ್ಗರ್ ಪಿ. ಜೇಕಬ್ಸ್ ೧೯೪೪ರ ಆರಂಭದಲ್ಲಿ ಈ ಕೆಲಸಕ್ಕೆ ಬಂದ. ರಂಗಸಜ್ಜಿಕೆ, ವೇಷಭೂಷಣ, ಬೆಳಕು ಇವುಗಳ ಬಗೆಗೆ ಆತನ ಗಮನ ತೀಕ್ಷ್ಣ. ಕಟ್ಟಡ, ಸಮವಸ್ತ್ರ, ಪೀಠೋಪಕರಣ ಯಾವುದೇ ಆಗಲಿ, ಆಧಾರವಿಲ್ಲದೆ ಬರೆಯಬಾರದೆಂಬುದು ಆತನ ಹಠ. ‘ಒಟ್ಟೊಕಾರ್ ರಾಜದಂಡ’ದ ಕಲ್ಪಿತ ದೇಶದ ಸೈನಿಕರು ಮೊದಲು ಬ್ರಿಟಿಷರನ್ನು ಹೋಲುತ್ತಿದ್ದರು, ೧೯೪೭ರ ಆವೃತ್ತಿಯಲ್ಲಿ ಅವರು ಬಾಲ್ಕನ್ ಪ್ರದೇಶಕ್ಕೆ ಒಪ್ಪುವ ಉಡುಪು ಧರಿಸಿದ್ದು ಜೇಕಬ್ಸ್‌ನ ಪ್ರಭಾವದಿಂದ. ‘ಏಳು ಸ್ಫಟಿಕ ಗೋಲಗಳು’ ಕಥೆಯ ವಿವರಪೂರ್ಣ ಹಿನ್ನೆಲೆಗಳಲ್ಲಿಯೂ ಆತನ ಪಾಲು ದೊಡ್ಡದು.

ಜೇಕಬ್ಸ್ ತನ್ನ ಹೆಸರೂ ಪುಸ್ತಕದ ಮೇಲೆ ಇರಬೇಕೆಂದು ಬಯಸಿದಾಗ ಎರ್ಜೆ ಒಪ್ಪಲಿಲ್ಲ. ೧೯೪೭ರಲ್ಲಿ ಅವರ ಸಹಕಾರ್ಯ ಕೊನೆಗೊಂಡಿತು, ಸ್ನೇಹ ಉಳಿಯಿತು. ಜೇಕಬ್ಸ್ ಅಷ್ಟರಲ್ಲಿಯೇ ‘ಬ್ಲೇಕ್ ಮತ್ತು ಮಾರ್ಟಿಮರ್’ ಸರಣಿಯಿಂದ ತನ್ನದೇ ಹಾದಿ ಕಂಡುಕೊಂಡಿದ್ದ. ಮುಂದೆ ೧೯೫೫ರಲ್ಲಿ ‘ಫೇರೋನ ಚುಟ್ಟಾಗಳು’ ಬಣ್ಣದಲ್ಲಿ ಬಂದಾಗ, ಗೋರಿಯೊಳಗಿನ ಮಮ್ಮಿಗಳ ಸಾಲಿನಲ್ಲಿ ಜೇಕಬ್ಸ್‌ನ ಹೆಸರನ್ನು ತಿರುಚಿದ ಒಬ್ಬ ವಿದ್ವಾಂಸನೂ ನಿಂತಿದ್ದಾನೆ. ಕರ್ತೃವಿನ ಸ್ಥಾನದಲ್ಲಿ ಬರಲಾಗದ ಹೆಸರು ಚಿತ್ರದೊಳಗಿನ ವಿನೋದವಾಗಿ ಬಂದುದು ಸಾಂಕೇತಿಕವಾಗಿದೆ.

೫

೧೯೫೦ರಲ್ಲಿ ‘ಎರ್ಜೆ ಸ್ಟುಡಿಯೊ’ ಸ್ಥಾಪನೆಯಾಯಿತು. ಬಾಬ್ ಡಿ ಮೂರ್, ಜಾಕ್ ಮಾರ್ಟೆನ್, ರೋಜೆ ಲಲೂ ಮೊದಲಾದ ಕಲಾವಿದರು, ಬಣ್ಣಗಾರ್ತಿ ಜೋಸೆತ್ ಬೋಜೊ ಅಲ್ಲಿ ಕೆಲಸ ಮಾಡಿದರು. ಹೀಗೆ, ಸ್ನೇಹದಿಂದ ದೊರೆಯುತ್ತಿದ್ದ ಅಭಿಪ್ರಾಯವು ಸಂಸ್ಥೆಯೊಂದರ ದೈನಂದಿನ ಕ್ರಮವಾಯಿತು. ಎರ್ಜೆ ಪೆನ್ಸಿಲಿನಿಂದ ಆಕೃತಿಗಳ ಮೇಲೆ ಆಕೃತಿಗಳನ್ನು ಎಳೆಯುತ್ತಿದ್ದ. ಕೆಲವೊಮ್ಮೆ ಕಾಗದವೇ ಹರಿಯುವಷ್ಟು ರೇಖೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ಆ ಗೋಜಲಿನಿಂದ ಚಲನೆಯನ್ನು ಸಮರ್ಥವಾಗಿ ಹಿಡಿದ ಒಂದು ರೇಖೆಯನ್ನು ಪಾರದರ್ಶಕ ಕಾಗದದ ಮೇಲೆ ಇಳಿಸಿ ಅನಂತರ ಮಸಿಯಲ್ಲಿ ತಿದ್ದುತ್ತಿದ್ದ. ಸ್ಟುಡಿಯೊದವರು ಒಬ್ಬರಿಗೊಬ್ಬರು ಭಂಗಿ ನೀಡಿ ನಿಲ್ಲುತ್ತಿದ್ದರು. ಹಿನ್ನೆಲೆ, ವಾಹನ, ಯಂತ್ರಗಳನ್ನು ಸಹಾಯಕರು ಬರೆಯುತ್ತಿದ್ದರು. ೧೯೭೭ರಲ್ಲಿ ಡಚ್ ಕಲಾವಿದ ಯೋಸ್ಟ್ ಸ್ವಾರ್ಟೆ ಈ ಶೈಲಿಯನ್ನು ‘ಸ್ಪಷ್ಟ ರೇಖೆ’ ಎಂದು ಹೆಸರಿಸಿದ. ಅಚ್ಚಿನಲ್ಲಿ ಅಷ್ಟು ಸರಳವಾಗಿ ಕಾಣುವ ರೇಖೆಯು ಹಲವು ಕಣ್ಣುಗಳ ಶೋಧನೆಯ ಫಲವೆಂಬುದನ್ನು ಗಮನಿಸಬೇಕು.

ಚಂದ್ರಯಾನದ ಎರಡು ಪುಸ್ತಕಗಳು (೧೯೫೩, ೧೯೫೪) ಇದಕ್ಕೆ ಒಳ್ಳೆಯ ಉದಾಹರಣೆ. ರಾಕೆಟ್ಟಿನ ಒಳಭಾಗದಲ್ಲಿ ಯಾವ ಪಾತ್ರ ಎಲ್ಲಿ ನಿಂತಿದೆ ಎಂಬುದರಲ್ಲಿ ಗೊಂದಲವಾಗದಿರಲೆಂದು ಬಿಡಿಭಾಗಗಳಾಗಿ ಕಳಚಬಲ್ಲ ಮಾದರಿಯೊಂದನ್ನು ಮಾಡಿಸಲಾಯಿತು. ಅದನ್ನು ಪ್ಯಾರಿಸ್‌ಗೆ ಒಯ್ದು ಅಂತರಿಕ್ಷಯಾನದ ಬಗ್ಗೆ ಗ್ರಂಥ ಬರೆದಿದ್ದ ಅಲೆಕ್ಸಾಂಡರ್ ಅನಾನಾಫ್‌ಗೆ ತೋರಿಸಿ ಆತನ ಅಭಿಪ್ರಾಯ ಪಡೆಯಲಾಯಿತು. ಮನುಷ್ಯನು ಚಂದ್ರನ ಮೇಲೆ ಕಾಲಿಡುವುದಕ್ಕಿಂತ ಒಂದೂವರೆ ದಶಕದ ಹಿಂದಿನ ಮಾತಿದು.

‘ಕಪ್ಪು ದ್ವೀಪ’ದ ಕಥೆ ಇನ್ನೊಂದು ಬಗೆಯದು. ಸ್ಕಾಟ್ಲೆಂಡಿನಲ್ಲಿ ನಡೆಯುವ ಈ ಕಥೆ ೧೯೩೭-೩೮ರದು. ಅದನ್ನು ಇಂಗ್ಲಿಷಿನಲ್ಲಿ ತರಲು ಹೊರಟ ಲಂಡನ್ನಿನ ಮೆಥುಯೆನ್ ಪ್ರಕಾಶನವು ಬ್ರಿಟನ್ನಿನ ಜೀವನಕ್ಕೆ ಹೊಂದದ ೧೩೧ ತಪ್ಪುಗಳ ಪಟ್ಟಿಯನ್ನು ಕಳುಹಿಸಿತು. ಎರ್ಜೆ ಬಾಬ್ ಡಿ ಮೂರ್‌ನನ್ನು ಬ್ರಿಟನ್ನಿಗೆ ಕಳುಹಿಸಿ ರೈಲು, ಪೊಲೀಸ್ ಸಮವಸ್ತ್ರ, ಕಟ್ಟಡಗಳ ರೇಖಾಚಿತ್ರಗಳನ್ನು ತರಿಸಿದ. ಇಡೀ ಕಥೆಯನ್ನು ಮತ್ತೆ ಬರೆದು ೧೯೬೬ರಲ್ಲಿ ಪ್ರಕಟಿಸಲಾಯಿತು. ಬ್ರಿಟಿಷ್ ಓದುಗನಿಗೆ ದೊರೆತ ಈ ಗೌರವವನ್ನು ಕಾಂಗೊದ ಓದುಗನಿಗೆ ದೊರೆತುದರೊಂದಿಗೆ ಹೋಲಿಸಬೇಕು. ೧೯೪೬ರ ಬಣ್ಣದ ಆವೃತ್ತಿಯಲ್ಲಿ, ಕಾಂಗೊದ ಮಕ್ಕಳಿಗೆ ಬೆಲ್ಜಿಯಂ ಅವರ ತಾಯ್ನಾಡೆಂದು ಹೇಳುವ ಪಾಠದ ಬದಲು ಗಣಿತದ ಪಾಠ ಬಂದಿತು. ೧೯೭೫ರಲ್ಲಿ ಸ್ಕ್ಯಾಂಡಿನೇವಿಯದ ಪ್ರಕಾಶಕರ ಆಕ್ಷೇಪದಿಂದಾಗಿ ಖಡ್ಗಮೃಗವನ್ನು ಸಿಡಿಮದ್ದಿನಿಂದ ಕೊಲ್ಲುವ ದೃಶ್ಯವನ್ನು ಬದಲಿಸಲಾಯಿತು. ಆದರೆ ಕಾಂಗೊದ ಜನರ ಮುಖಗಳು ಮೂಲತಃ ಹಾಗೆಯೇ ಉಳಿದವು. ೨೦೦೭ರಲ್ಲಿ ಕಾಂಗೊ ಮೂಲದ ಓದುಗನೊಬ್ಬ ಬ್ರಸೆಲ್ಸ್‌ನಲ್ಲಿ ಈ ಪುಸ್ತಕದ ವಿರುದ್ಧ ಕಾನೂನು ಹೋರಾಟ ಆರಂಭಿಸಿದ. ೨೦೧೨ರಲ್ಲಿ ನ್ಯಾಯಾಲಯವು ಆತನ ಮನವಿಯನ್ನು ತಳ್ಳಿಹಾಕಿತು. ಕರಡಿನ ಹಂತದಲ್ಲಿ ಕೇಳದೆ ಹೋದ ಅಭಿಪ್ರಾಯವು ಎಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ನಂತರ ದಾವೆಯ ರೂಪದಲ್ಲಿ ಎದುರಾಯಿತು.

೬

ಎಲ್ಲ ಸಲಹೆಗಳನ್ನೂ ಎರ್ಜೆ ಸ್ವೀಕರಿಸಿದನೆಂದಲ್ಲ. ೧೯೫೮-೫೯ರಲ್ಲಿ ದಾಂಪತ್ಯದ ಬಿಕ್ಕಟ್ಟು ಮತ್ತು ಎಲ್ಲೆಲ್ಲೂ ಬಿಳುಪು ತುಂಬಿದ ದುಃಸ್ವಪ್ನಗಳಿಂದ ಬಳಲುತ್ತಿದ್ದಾಗ ಆತ ಜೂರಿಚ್‌ನ ಮನೋವಿಶ್ಲೇಷಕ ಫ್ರಾಂಜ್ ರಿಕ್ಲಿನ್‌ನನ್ನು ಕಂಡ. ಕೆಲಸ ನಿಲ್ಲಿಸಬೇಕೆಂಬುದು ರಿಕ್ಲಿನ್‌ನ ಸಲಹೆಯಾಗಿತ್ತು. ಎರ್ಜೆ ಅದನ್ನು ಪಾಲಿಸದೆ, ಹಿಮದ ಬಿಳುಪಿನಲ್ಲಿ ನಡೆಯುವ ‘ಟಿಬೆಟ್‌ನಲ್ಲಿ ಟಿನ್‌ಟಿನ್’ ಕಥೆಯನ್ನು ಮುಗಿಸಿದ. ಖಳನಾಯಕನೇ ಇಲ್ಲದ ಆ ಕಥೆಯಲ್ಲಿ ಟಿನ್‌ಟಿನ್ ಹುಡುಕುವುದು ವಿಮಾನ ಅಪಘಾತದಲ್ಲಿ ಕಾಣೆಯಾದ ಚಾಂಗ್‌ನನ್ನು. ಕಾಲು ಶತಮಾನದ ಹಿಂದೆ ತನ್ನ ಪುಟಗಳನ್ನು ತಿದ್ದಿದ ಗೆಳೆಯನ ನೆನಪು ಹೀಗೆ ಆತನ ಅತ್ಯುತ್ತಮವೆನಿಸಿದ ಕೃತಿಯೊಂದಕ್ಕೆ ಬೀಜವಾಯಿತು.

೧೯೬೦ರ ದಶಕದ ಆರಂಭದಲ್ಲಿ ಎರ್ಜೆ ವರ್ಣಚಿತ್ರಕಾರನಾಗಲು ಬಯಸಿ ಅಮೂರ್ತ ಕಲಾವಿದ ಲೂಯಿ ವಾನ್ ಲಿಂಟ್‌ನಲ್ಲಿ ಪಾಠ ಹೇಳಿಸಿಕೊಂಡ. ಸುಮಾರು ೩೭ ಚಿತ್ರಗಳನ್ನು ರಚಿಸಿದ ಮೇಲೆ ಆ ಪ್ರಯತ್ನವನ್ನು ಕೈಬಿಟ್ಟ. ಜಗತ್ಪ್ರಸಿದ್ಧನಾದ ಮೇಲೂ ಮತ್ತೆ ಶಿಷ್ಯನಾಗುವ, ತನ್ನ ಸಾಮರ್ಥ್ಯದ ಎಲ್ಲೆಯನ್ನು ಒಪ್ಪುವ ಗುಣ ಆತನಲ್ಲಿತ್ತು. ೧೯೭೭ರಲ್ಲಿ ಜರ್ಮೇನ್‌ಳಿಂದ ವಿಚ್ಛೇದನ ಪಡೆದು, ಸ್ಟುಡಿಯೊದ ಬಣ್ಣಗಾರ್ತಿಯಾಗಿದ್ದ ಫ್ಯಾನಿ ವ್ಲಾಮಿಂಕ್‌ಳನ್ನು ಮದುವೆಯಾದ.

ಸಾಂಸ್ಕೃತಿಕ ಕ್ರಾಂತಿಯ ಸಂಕಷ್ಟಗಳನ್ನು ದಾಟಿ ಜಾಂಗ್ ಶಾಂಘೈನಲ್ಲಿ ಶಿಲ್ಪಿಯಾಗಿ ಬದುಕಿದ್ದ. ಅನೇಕ ವರ್ಷಗಳ ಹುಡುಕಾಟದ ನಂತರ ೧೯೭೦ರ ದಶಕದಲ್ಲಿ ಆತನ ವಿಳಾಸ ದೊರೆಯಿತು. ೧೯೮೧ರ ಮಾರ್ಚಿ ೧೮ರಂದು ಬ್ರಸೆಲ್ಸ್‌ನಲ್ಲಿ ಇಬ್ಬರೂ ಮತ್ತೆ ಭೇಟಿಯಾದರು. ಅಷ್ಟರಲ್ಲಿ ಎರ್ಜೆ ತೀವ್ರ ಅಸ್ವಸ್ಥನಾಗಿದ್ದ. ೧೯೮೩ರ ಮಾರ್ಚಿ ೩ರಂದು ಆತ ನಿಧನನಾದ. ಮುಂದೆ ಫ್ರಾನ್ಸಿನಲ್ಲಿ ನೆಲೆಸಿ ೧೯೯೮ರಲ್ಲಿ ತೀರಿಕೊಂಡ ಜಾಂಗ್, ಎರ್ಜೆಯ ಶಿರೋಶಿಲ್ಪವನ್ನು ರಚಿಸಿದ. ತನ್ನ ನಂತರ ಟಿನ್‌ಟಿನ್ ಕಥೆಗಳನ್ನು ಯಾರೂ ಮುಂದುವರಿಸಬಾರದೆಂಬುದು ಎರ್ಜೆಯ ಇಚ್ಛೆಯಾಗಿತ್ತು. ಅಪೂರ್ಣವಾಗಿ ಉಳಿದ ಕೊನೆಯ ಕಥೆಯನ್ನು ಪೂರ್ಣಗೊಳಿಸಲು ಬಾಬ್ ಡಿ ಮೂರ್ ಬಯಸಿದರೂ ಅವಕಾಶ ದೊರೆಯಲಿಲ್ಲ. ೧೯೮೬ರಲ್ಲಿ ಅದು ಪೆನ್ಸಿಲ್ ಕರಡಿನ ರೂಪದಲ್ಲಿಯೇ ಅಚ್ಚಾಯಿತು.

೭

ಎರ್ಜೆಯ ಬದುಕಿನಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಹಕಲಾವಿದನ ಅಭಿಪ್ರಾಯವು ಫಲ ನೀಡಿದುದು ಪುಟ ಇನ್ನೂ ಕರಡಾಗಿರುವಾಗ. ಅಚ್ಚಾದ ಮೇಲೆ ಬಂದ ಆಕ್ಷೇಪವು ವಿವರಗಳನ್ನು ಬದಲಿಸಿತೇ ಹೊರತು ದೃಷ್ಟಿಯನ್ನಲ್ಲ. ಎರಡನೆಯದಾಗಿ, ಕೌಶಲವನ್ನು ತಿದ್ದುವ ಕಣ್ಣುಗಳು ಎರ್ಜೆಗೆ ಹೇರಳವಾಗಿ ದೊರೆತವು. ಚಿತ್ರಿತರಾದ ಜನರ ಪರವಾಗಿ ನೋಡುವ ಕಣ್ಣು ಜಾಂಗ್‌ನ ರೂಪದಲ್ಲಿ ಒಮ್ಮೆ ದೊರೆಯಿತು. ಆತನ ಕಥನದ ನೈತಿಕ ಏರಿಳಿತವನ್ನು ಈ ವ್ಯತ್ಯಾಸದಿಂದ ಬಹುಮಟ್ಟಿಗೆ ವಿವರಿಸಬಹುದು. ಮೂರನೆಯದಾಗಿ, ತಿದ್ದಿಸಿಕೊಳ್ಳುವ ವಿನಯ ಮತ್ತು ತಿದ್ದಿದವರ ಹೆಸರನ್ನು ಹಂಚಿಕೊಳ್ಳುವ ಔದಾರ್ಯ ಒಂದೇ ಅಲ್ಲ. ಮೊದಲನೆಯದು ಎರ್ಜೆಯಲ್ಲಿತ್ತು, ಎರಡನೆಯದು ಇರಲಿಲ್ಲ.

ಕವಿರಾಜಮಾರ್ಗವು ಇತರರಿಂದ ತಿದ್ದಿಸಿಕೊಳ್ಳಬೇಕೆಂದು ಹೇಳುತ್ತದೆ. ಆ ಇತರರು ಯಾರಾಗಿರಬೇಕೆಂಬ ಪ್ರಶ್ನೆಯನ್ನು ಎರ್ಜೆಯ ಪುಟಗಳು ನಮ್ಮ ಮುಂದಿಡುತ್ತವೆ. ಕನ್ನಡದಲ್ಲಿ ಕೃತಿರಚನೆಯ ಇತಿಹಾಸವನ್ನು ಬರೆಯುವಾಗಲೂ ಹಸ್ತಪ್ರತಿ ಮತ್ತು ಕರಡುಗಳನ್ನು ಓದಿ ತಿದ್ದಿದವರನ್ನು, ಹಾಗೆಯೇ ಓದಿ ತಿದ್ದುವ ಅವಕಾಶವೇ ದೊರೆಯದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಗತ್ಯವಿದೆ.